ದ್ರಾವಣದ ಲೆಕ್ಕವೂ ಕಣಗಳ ಎಣಿಕೆಯೂ

ಶುದ್ಧ ಜಲದಲ್ಲಿ ಅನ್ಯಪದಾರ್ಥವೊಂದು ಕರಗಿದೊಡನೆ ಅದರ ಆವಿಯ ಒತ್ತಡ ತಗ್ಗುತ್ತದೆ, ಕುದಿಯುವ ಬಿಂದು ಏರುತ್ತದೆ, ಹೆಪ್ಪುಗಟ್ಟುವ ಬಿಂದು ಇಳಿಯುತ್ತದೆ ಎಂಬುದು ಪ್ರಾಜ್ಞರಿಗೆ ಹಿಂದಿನಿಂದಲೂ ವಿದಿತವಾಗಿದ್ದಿತು. ಆದರೆ ಈ ವ್ಯತ್ಯಾಸದ ಪ್ರಮಾಣವು, ಕರಗಿದ ವಸ್ತುವಿನ ಜಾತಿಯನ್ನು ಲೆಕ್ಕಿಸದೆ, ಅದರ ಅಣುಗಳ ಸಂಖ್ಯೆಯೊಂದನ್ನೇ ಅನುಸರಿಸುತ್ತದೆಂಬ ವಿಸ್ಮಯಕರ ತಥ್ಯವನ್ನು, 1880ರ ದಶಕದಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಅಧ್ಯಾಪಕನಾಗಿದ್ದ ಫ್ರಾಂಸ್ವಾ ರೌಲ್ಟನು ಬಗೆಬಗೆಯ ದ್ರಾವಣಗಳನ್ನು ತಾಳ್ಮೆಯಿಂದ ಅಳೆದಳೆದು ತೋರಿಸಿಕೊಟ್ಟನು.

ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದಲ್ಲಿ ಕಾಲಿಗೇಟಿವ್ ಗುಣಗಳೆಂಬ ಹೆಸರಿನಿಂದ ಬರುವ ಲೆಕ್ಕಗಳಿಗೆಲ್ಲ ಇದೇ ಮೂಲ. ಒಂದು ಕಿಲೋಗ್ರಾಂ ದ್ರಾವಕದಲ್ಲಿ ಎಷ್ಟು ಮೋಲ್ ದ್ರಾವ್ಯವಿದೆಯೆಂದು ಕಂಡು, ಅದನ್ನು ಆ ದ್ರಾವಕದ ಸ್ಥಿರಾಂಕದಿಂದ ಗುಣಿಸಿದರೆ ಹೆಪ್ಪುಗಟ್ಟುವ ಬಿಂದುವಿನ ಇಳಿಕೆ ದೊರೆಯುತ್ತದೆ. ನೀರಿಗೆ ಆ ಸ್ಥಿರಾಂಕ 1.86. ಒಂದು ಕಿಲೋಗ್ರಾಂ ನೀರಿನಲ್ಲಿ 6 ಗ್ರಾಂ ಯೂರಿಯಾ, 18 ಗ್ರಾಂ ಗ್ಲೂಕೋಸ್, 34.2 ಗ್ರಾಂ ಕಬ್ಬಿನ ಸಕ್ಕರೆ, ಇವುಗಳಲ್ಲಿ ಯಾವುದನ್ನು ಕರಗಿಸಿದರೂ ಅದು ಮೋಲಿನ ಹತ್ತನೆಯ ಒಂದು ಪಾಲೇ ಆದುದರಿಂದ, ನೀರು ಹೆಪ್ಪುಗಟ್ಟತೊಡಗುವುದು ಸೊನ್ನೆಗಿಂತ 0.186 ಡಿಗ್ರಿ ಕೆಳಗೆ.

ಅಡುಗೆಯ ಉಪ್ಪು ಈ ಎಣಿಕೆಗೆ ಸಿಕ್ಕುವುದಿಲ್ಲ. ಅದರ 5.85 ಗ್ರಾಂ ಕೂಡ ಮೋಲಿನ ಹತ್ತನೆಯ ಒಂದು ಪಾಲೇ. ಆದರೂ ಇಳಿಕೆ ಸುಮಾರು 0.35 ಡಿಗ್ರಿ. ಉಪ್ಪು ನೀರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಬೇರ್ಪಡುತ್ತದೆಂದು ಸ್ವೀಡನ್ನಿನ ತರುಣ ಅರೇನಿಯಸನು 1887ರಲ್ಲಿ ಪ್ರತಿಪಾದಿಸಿದಾಗ ಈ ಒಗಟು ಬಗೆಹರಿಯಿತು. ಇಮ್ಮಡಿಗೆ ತುಸು ಕಡಿಮೆಯಾಗುವುದು ಅಯಾನುಗಳ ಪರಸ್ಪರ ಆಕರ್ಷಣೆಯಿಂದ. ಬೆಂಜೀನಿನಲ್ಲಿ ಕರಗಿದ ಅಸಿಟಿಕ್ ಆಮ್ಲದ ರೀತಿ ಇದಕ್ಕೆ ವಿಪರೀತ. ಅಲ್ಲಿ ಅಣುಗಳು ಎರಡೆರಡಾಗಿ ಕೂಡಿಕೊಳ್ಳುವುದರಿಂದ ಪರಿಣಾಮ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಈ ಏರುಪೇರನ್ನೇ ವಾಂಟ್ ಹಾಫ್ ಅಂಶವೆಂಬ ಗುಣಕವು ಸರಿದೂಗಿಸುತ್ತದೆ. ಆದುದರಿಂದ, ಸೂತ್ರಕ್ಕೆ ಅಂಕಿಗಳನ್ನು ತುಂಬುವ ಮೊದಲು, ಕರಗಿದ ವಸ್ತು ಒಡೆಯಿತೋ, ಕೂಡಿತೋ, ಇದ್ದಂತೆಯೇ ಉಳಿಯಿತೋ ಎಂದು ವಿಚಾರಿಸದ ವಿದ್ಯಾರ್ಥಿಗೆ ಗುಣಾಕಾರದ ನೈಪುಣ್ಯವೊಂದೇ ನೆರವಾಗದೆಂದು ನಾನು ದೃಢವಾಗಿ ನಂಬಿದ್ದೇನೆ.

ಲೆಕ್ಕವನ್ನು ತಿರುಗಿಸಿದರೆ ಅಣುವಿನ ತೂಕವೇ ಕೈಗೆ ಬರುತ್ತದೆ. 100 ಗ್ರಾಂ ಬೆಂಜೀನಿನಲ್ಲಿ ಅಜ್ಞಾತ ವಸ್ತುವಿನ 2 ಗ್ರಾಂ ಕರಗಿ 0.80 ಡಿಗ್ರಿ ಇಳಿಕೆಯಾಯಿತೆನ್ನೋಣ. ಬೆಂಜೀನಿನ ಸ್ಥಿರಾಂಕ 5.12, 0.80ನ್ನು ಅದರಿಂದ ಭಾಗಿಸಿದರೆ ಕಿಲೋಗ್ರಾಮಿಗೆ 0.156 ಮೋಲ್. ಕಿಲೋಗ್ರಾಮಿಗೆ 20 ಗ್ರಾಂ ವಸ್ತುವಿರುವುದರಿಂದ ಮೋಲಿಗೆ 128 ಗ್ರಾಂ; ನಾಫ್ತಲೀನಿನ ತೂಕವದು. ಪ್ರೋಟೀನಿನಂಥ ಮಹಾಣುಗಳಿಗೆ ಈ ದಾರಿ ನಡೆಯದು. ಮೋಲಿಗೆ 60,000 ಗ್ರಾಂ ತೂಗುವ ಪ್ರೋಟೀನನ್ನು ಲೀಟರು ನೀರಿಗೆ 10 ಗ್ರಾಂ ಹಾಕಿದರೂ ಹೆಪ್ಪುಗಟ್ಟುವ ಬಿಂದು 0.0003 ಡಿಗ್ರಿಯಷ್ಟು ಮಾತ್ರ ಜಾರುತ್ತದೆ; ಆದರೆ ಅದೇ ದ್ರಾವಣದ ಅಭಿಸರಣ ಒತ್ತಡವು ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿಹಿಡಿಯುತ್ತದೆ, ಅದನ್ನು ಅಳೆಯಲು ಸಾಮಾನ್ಯ ಅಳತೆಪಟ್ಟಿಯೇ ಸಾಕು.