ಹಳೆಯ ಕಾರಿನ ಸ್ಟೀರಿಂಗ್ ಮತ್ತು ಬ್ರೇಕು: ದೋಷವನ್ನು ಗುರುತಿಸುವ ಕ್ರಮ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಸಾಗುವುದನ್ನು ಕಂಡವರಿಗೆ ಒಂದು ಸಂಗತಿ ಮನವರಿಕೆಯಾಗಿರುತ್ತದೆ. ಗೌತಮ ರಥದ ಹಗ್ಗಕ್ಕೆ ಕೈಹಾಕಿ ಎಳೆಯುವವರು ಅಸಂಖ್ಯಾತ ಭಕ್ತರು. ಆದರೆ ಆ ಮಹಾಭಾರವನ್ನು ಬೇಕಾದತ್ತ ತಿರುಗಿಸುವ, ಬೇಕಾದೆಡೆಯಲ್ಲಿ ನಿಲ್ಲಿಸುವ ಹೊಣೆ ಚಕ್ರಗಳ ಬದಿಯಲ್ಲಿ ಮರದ ಬೆಣೆಗಳನ್ನು ಹಿಡಿದು ನಡೆಯುವ ಕೆಲವೇ ಜನರದು. ಒಂದು ಬದಿಯ ಚಕ್ರಕ್ಕೆ ಬೆಣೆ ಕೊಟ್ಟರೆ ತೇರು ಆ ಬದಿಗೆ ಹೊರಳುತ್ತದೆ; ಎರಡೂ ಬದಿಗೆ ಕೊಟ್ಟರೆ ನಿಲ್ಲುತ್ತದೆ. ತಿರುಗಿಸುವುದಕ್ಕೂ ತಡೆಯುವುದಕ್ಕೂ ಅಲ್ಲಿ ಸಾಧನ ಒಂದೇ.

ಮೋಟಾರು ಕಾರಿನಲ್ಲಿ ಈ ಎರಡು ಕಾರ್ಯಗಳಿಗೆ ಬೇರೆಬೇರೆ ಯಂತ್ರಾಂಗಗಳಿವೆ. ಆದರೂ ಇವುಗಳ ಸಂಬಂಧ ಕಡಿದುಹೋಗಿಲ್ಲ. ಮುಂದಿನ ಎರಡು ಚಕ್ರಗಳಲ್ಲಿ ಒಂದನ್ನು ಮಾತ್ರ ಬ್ರೇಕು ಬಿಗಿಯಾಗಿ ಹಿಡಿದರೆ ಕಾರೂ ತೇರಿನಂತೆಯೇ ಆ ಬದಿಗೆ ತಿರುಗುತ್ತದೆ. ಹೀಗಾಗಿ ಬ್ರೇಕಿನ ದೋಷ ಸ್ಟೀರಿಂಗ್ ಚಕ್ರ ಹಿಡಿದ ಕೈಗೆ ತಿಳಿಯುತ್ತದೆ. ಸ್ಟೀರಿಂಗಿನ ಸಂದುಗಳ ಸವೆತ ಬ್ರೇಕು ತುಳಿದಾಗ ಪ್ರಕಟವಾಗುತ್ತದೆ. ಲಕ್ಷಣ ಕಂಡ ಕಡೆಯಲ್ಲೇ ರೋಗವಿದೆಯೆಂದು ಭಾವಿಸುವುದು ಹಳೆಯ ಕಾರಿನ ದುರಸ್ತಿಯಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು. ಅದನ್ನು ನಿವಾರಿಸುವ ಕ್ರಮಬದ್ಧ ಪರೀಕ್ಷೆಯನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಯಾವುದು ಹಳೆಯ ಕಾರು?

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯೇತರ ಬಳಕೆಯ, ಮೂಲರೂಪದಲ್ಲಿ ದೊಡ್ಡ ಮಾರ್ಪಾಡಾಗದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ‘ವಿಂಟೇಜ್’ ಎಂದು ಪರಿಗಣಿಸಲಾಗುತ್ತದೆ. ಆದುದರಿಂದ ಈ ಹೆಸರು ಈಗ ಅರಮನೆಯ ಕಾರುಗಳಿಗಷ್ಟೇ ಸಲ್ಲುವುದಲ್ಲ. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1957ರಿಂದ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ ತಯಾರಿಸಿದ, 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಮೊದಲ ಅವತರಣಿಕೆಗಳೂ, ಮುಂದೆ ಪದ್ಮಿನಿಯೆಂದು ಹೆಸರಾದ ಫಿಯೆಟ್ 1100ರ ಹಳೆಯ ಗಾಡಿಗಳೂ ಈ ವರ್ಗಕ್ಕೆ ಸೇರುತ್ತವೆ. ತಂದೆಯೋ ತಾತನೋ ಕೊಂಡ ಅಂಬಾಸಡರನ್ನು ಶೆಡ್ಡಿನಲ್ಲಿ ಜೋಪಾನ ಮಾಡಿರುವ ಮನೆಯವರಿಗೆ ಇದು ಹೆಮ್ಮೆಯ ವಿಷಯವೇ ಸರಿ. ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕಾರಣಗಳಿಗಷ್ಟೇ ರಸ್ತೆಗೆ ತರಬಹುದು.

ಆದರೆ ಅಪರೂಪಕ್ಕೆ ಓಡುವ ಕಾರೇ ಹೆಚ್ಚು ಅಪಾಯಕಾರಿ. ನಿಂತಲ್ಲೇ ನಿಂತ ಕಾರಿನ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಸಿಲಿಂಡರುಗಳ ಒಳಗೆ ತುಕ್ಕು ಹಿಡಿಯುತ್ತದೆ, ರಬ್ಬರ್ ಪೈಪು ಉಬ್ಬುತ್ತದೆ, ಗ್ರೀಸು ಗಟ್ಟಿಯಾಗುತ್ತದೆ, ಟೈರು ಹೊಸದರಂತೆ ಕಂಡರೂ ಒಳಗೆ ಬಿರುಕುಬಿಟ್ಟಿರುತ್ತದೆ. ನಂಜನಗೂಡು–ತಿರುಮಕೂಡಲು ನರಸೀಪುರದ ರಸ್ತೆಗಳು ಗದ್ದೆ ಬಯಲಿನ ನಡುವೆ ಸಾಗುವಂಥವು. ಕಬ್ಬಿನ ಗಾಡಿ, ಎತ್ತು, ಶಾಲೆ ಬಿಟ್ಟ ಮಕ್ಕಳು, ಸಂಗಮಕ್ಕೆ ಹೊರಟ ಯಾತ್ರಿಕರು ಎಲ್ಲರಿಗೂ ಅದೇ ದಾರಿ. ಅಲ್ಲಿ ಕಾರು ಒಂದು ಮೊಳ ಪಕ್ಕಕ್ಕೆ ಎಳೆದರೂ ಅನಾಹುತ ಸಂಭವಿಸಬಹುದು.

ರಚನೆಯ ಸ್ಥೂಲ ಪರಿಚಯ

ಅಂಬಾಸಡರಿನಲ್ಲಿ ಸ್ಟೀರಿಂಗ್ ಕಂಬದ ತುದಿಯ ಸಣ್ಣ ಹಲ್ಲುಗಾಲಿ, ಅಡ್ಡಲಾಗಿರುವ ಹಲ್ಲಿನ ಸರಳನ್ನು ಎಡಬಲಕ್ಕೆ ಸರಿಸುತ್ತದೆ. ಇದೇ ರ‍್ಯಾಕ್ ಮತ್ತು ಪಿನಿಯನ್ ಪದ್ಧತಿ. ಫಿಯೆಟ್ ಮತ್ತು ಇನ್ನೂ ಹಳೆಯ ಅನೇಕ ಕಾರುಗಳಲ್ಲಿ ಸುರುಳಿ ಹಲ್ಲಿನ ವರ್ಮ್ ಗೇರು ಇರುವ ಸ್ಟೀರಿಂಗ್ ಪೆಟ್ಟಿಗೆಯುಂಟು. ಅಲ್ಲಿಂದ ಮುಂದೆ ಟೈ ರಾಡ್, ಅದರ ತುದಿಯ ಗುಂಡು ಸಂದುಗಳು, ಚಕ್ರ ತಿರುಗುವ ಕೀಲಾದ ಕಿಂಗ್ ಪಿನ್, ಕೊನೆಗೆ ಚಕ್ರದ ಬೇರಿಂಗ್ ಬರುತ್ತವೆ. ಇವುಗಳಲ್ಲಿ ಪ್ರತಿಯೊಂದು ಕೂದಲೆಳೆಯಷ್ಟು ಸವೆದರೂ ಅವೆಲ್ಲ ಕೂಡಿ ಚಾಲಕನ ಕೈಯಲ್ಲಿ ದೊಡ್ಡ ಸಡಿಲವಾಗಿ ತೋರುತ್ತವೆ.

ಬ್ರೇಕಿನ ತತ್ತ್ವವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಪಾಸ್ಕಲನ ನಿಯಮವೆಂದು ಓದಿರುತ್ತಾರೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಒತ್ತುವ ಆಯಿಲ್ ನಾಲ್ಕೂ ಚಕ್ರಗಳ ಸಿಲಿಂಡರುಗಳನ್ನು ತಲುಪಿ, ಲೈನಿಂಗ್ ಹೊದಿಸಿದ ಶೂಗಳನ್ನು ಡ್ರಮ್ಮಿನ ಒಳಮೈಗೆ ಅದುಮುತ್ತದೆ. ಆ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ದ್ರವದ ಮಾರ್ಗ ಒಂದೇ ಆದುದರಿಂದ ಎಲ್ಲಿ ಸೋರಿದರೂ ನಾಲ್ಕು ಚಕ್ರಗಳ ಬ್ರೇಕೂ ಹೋಗುತ್ತದೆ. ಆಗ ಉಳಿಯುವುದು ಹಿಂದಿನ ಚಕ್ರಗಳನ್ನು ತಂತಿಯಿಂದ ಎಳೆಯುವ ಹ್ಯಾಂಡ್ ಬ್ರೇಕ್ ಮಾತ್ರ.

ನೆಲದಿಂದ ಮೇಲಕ್ಕೆ

ಪರೀಕ್ಷೆಯನ್ನು ನೆಲದಿಂದ ಆರಂಭಿಸಿ ಮೇಲಕ್ಕೆ ಒಯ್ಯಬೇಕು. ಮೊದಲು ಟೈರು. ಎರಡೂ ಮುಂದಿನ ಟೈರುಗಳಲ್ಲಿ ಗಾಳಿ ಸಮನಾಗಿದೆಯೇ, ಒಂದೇ ಬಗೆಯ ಟೈರುಗಳೇ, ಸವೆತ ಏಕರೂಪವಾಗಿದೆಯೇ ಎಂಬುದನ್ನು ನೋಡಬೇಕು. ಕಾರು ಒಂದು ಬದಿಗೆ ಎಳೆಯುತ್ತದೆಂಬ ದೂರು ಗಾಳಿ ತುಂಬಿಸಿದೊಡನೆ ಇಲ್ಲವಾಗುವುದುಂಟು. ಟೈರಿನ ಒಂದೇ ಅಂಚು ಸವೆದಿದ್ದರೆ ಚಕ್ರಗಳ ಜೋಡಣೆ ಓರೆಯಾಗಿದೆಯೆಂದು ಶಂಕಿಸಬಹುದು.

ಅನಂತರ ಕೀಲುಗಳು. ಎಂಜಿನ್ ನಿಲ್ಲಿಸಿ, ಚಕ್ರಗಳು ನೆಲದ ಮೇಲಿರುವಂತೆಯೇ ಒಬ್ಬರು ಸ್ಟೀರಿಂಗನ್ನು ಮೆಲ್ಲನೆ ಎಡಬಲಕ್ಕೆ ಆಡಿಸುತ್ತಿರಬೇಕು; ಇನ್ನೊಬ್ಬರು ಪ್ರತಿ ಸಂದಿನ ಮೇಲೂ ಬೆರಳಿಟ್ಟು ನೋಡಬೇಕು. ಸಂದಿನ ಒಂದು ಬದಿ ಚಲಿಸಿದ ಮೇಲೆ ಇನ್ನೊಂದು ಬದಿ ತಡವಾಗಿ ಚಲಿಸಿದರೆ ಸವೆದಿರುವುದು ಆ ಸಂದೇ ಎಂದು ತಿಳಿಯಬೇಕು.

ಮೂರನೆಯದಾಗಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂಭಾಗವನ್ನು ಜಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಜಾಕೊಂದನ್ನೇ ನಂಬಿ ಕಾರಿನ ಅಡಿಗೆ ಹೋಗಲೇಬಾರದು. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ ಅದು ಬೇರಿಂಗಿನದೋ ಕಿಂಗ್ ಪಿನ್ನಿನದೋ ಎಂಬ ಪ್ರಶ್ನೆ ಏಳುತ್ತದೆ. ಇದನ್ನು ತೀರ್ಮಾನಿಸಲು ಸುಲಭವಾದ ಉಪಾಯವೊಂದಿದೆ. ಒಳಗೆ ಕುಳಿತವರು ಬ್ರೇಕ್ ತುಳಿದು ಹಿಡಿಯಲಿ. ಆಗ ಡ್ರಮ್ಮು ತನ್ನ ಹಿಂದಿನ ಫಲಕದೊಡನೆ ಒಂದಾಗುತ್ತದೆ. ಸಡಿಲ ಮಾಯವಾದರೆ ದೋಷ ಬೇರಿಂಗಿನದು. ಇನ್ನೂ ಉಳಿದರೆ ಕಿಂಗ್ ಪಿನ್ನಿನದು. ಚಕ್ರವನ್ನು ಎಡಬಲಗಳಲ್ಲಿ ಹಿಡಿದು ಆಡಿಸಿದಾಗ ಮಾತ್ರ ಸಡಿಲ ತೋರಿದರೆ ಟೈ ರಾಡಿನ ಸಂದುಗಳತ್ತ ಗಮನ ಹರಿಸಬೇಕು.

ಇಷ್ಟೆಲ್ಲ ಆದ ಮೇಲೆ ಸ್ಟೀರಿಂಗ್ ಪೆಟ್ಟಿಗೆಯ ಸರದಿ. ಅವಸರದಲ್ಲಿ ಮೊದಲೇ ಪೆಟ್ಟಿಗೆಯ ಸ್ಕ್ರೂ ಬಿಗಿಮಾಡುವುದು ಬಹು ಅಪಾಯಕರ. ನೇರ ದಾರಿಯಲ್ಲೇ ಕಾರು ಹೆಚ್ಚು ಓಡುವುದರಿಂದ ವರ್ಮ್ ಗೇರಿನ ನಡುಭಾಗ ಹೆಚ್ಚು ಸವೆದಿರುತ್ತದೆ. ಆ ಸವೆತ ತುಂಬುವಷ್ಟು ಬಿಗಿಮಾಡಿದರೆ, ತಿರುವಿನಲ್ಲಿ ಸವೆಯದ ಹಲ್ಲುಗಳು ಕಚ್ಚಿಕೊಂಡು ಸ್ಟೀರಿಂಗ್ ತಾನಾಗಿ ಹಿಂದಿರುಗದು. ಇನ್ನು ಸ್ಟೀರಿಂಗ್ ಭಾರವಾಗಿದ್ದರೆ ಟೈರಿನ ಗಾಳಿಯನ್ನೂ ಕಿಂಗ್ ಪಿನ್ನಿಗೆ ಗ್ರೀಸು ತಲುಪುತ್ತಿದೆಯೇ ಎಂಬುದನ್ನೂ ಮೊದಲು ನೋಡತಕ್ಕದ್ದು.

ಪೆಡಲ್ ಹೇಳುವ ಮಾತು

ಬ್ರೇಕ್ ಪೆಡಲ್ ಹತ್ತಿಯ ಮೇಲೆ ಕಾಲಿಟ್ಟಂತೆ ಮೆತ್ತಗಿದ್ದರೆ ದ್ರವದಲ್ಲಿ ಗಾಳಿ ಸೇರಿದೆ. ಅದನ್ನು ಬ್ಲೀಡ್ ಮಾಡಿ ಹೊರಡಿಸಬೇಕು. ಒಮ್ಮೆ ತುಳಿದಾಗ ಆಳಕ್ಕೆ ಹೋಗಿ, ಮತ್ತೆ ತುಳಿದಾಗ ಮೇಲೆಯೇ ಗಟ್ಟಿಯಾಗಿ ನಿಂತರೆ ಶೂಗಳಿಗೂ ಡ್ರಮ್ಮಿಗೂ ಅಂತರ ಹೆಚ್ಚಾಗಿದೆ. ತುಳಿದು ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಿದ್ದು ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಲೈನಿಂಗ್ ನುಣುಪಾಗಿದೆ, ಇಲ್ಲವೇ ಅದಕ್ಕೆ ಎಣ್ಣೆ ಅಥವಾ ನೀರು ತಗುಲಿದೆ. ಪೆಡಲ್ ಕಾಲಡಿಯಲ್ಲಿ ಮಿಡಿದರೆ ಡ್ರಮ್ಮು ದುಂಡಗಿಲ್ಲವೆಂದು ಊಹಿಸಬಹುದು.

ಕಾರು ಬದಿಗೆ ಎಳೆಯುವ ದೋಷದಲ್ಲಿ ಎರಡು ಸಂದರ್ಭಗಳನ್ನು ಬೇರ್ಪಡಿಸಬೇಕು. ಬ್ರೇಕ್ ಹಿಡಿಯದಿದ್ದಾಗಲೂ ಎಳೆದರೆ ಟೈರು, ಜೋಡಣೆ ಅಥವಾ ಬಿಡದೆ ಹಿಡಿದುಕೊಂಡಿರುವ ಬ್ರೇಕು ಕಾರಣ. ಬ್ರೇಕನ್ನು ಹೆಚ್ಚು ಬಳಸದೆ ಕೆಲವು ಕಿಲೋಮೀಟರು ಓಡಿಸಿ, ಡ್ರಮ್ಮುಗಳ ಬಳಿಗೆ ಜಾಗರೂಕತೆಯಿಂದ ಕೈಯೊಯ್ದರೆ ಬಿಸಿಯಾಗಿರುವ ಚಕ್ರ ತಾನೇ ಗುಟ್ಟು ಬಿಟ್ಟುಕೊಡುತ್ತದೆ. ಉಬ್ಬಿದ ರಬ್ಬರ್ ಪೈಪು ಆಯಿಲನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದಿರುವುದೂ ಇದಕ್ಕೆ ಒಂದು ಕಾರಣ. ಬ್ರೇಕ್ ಹಿಡಿದಾಗ ಮಾತ್ರ ಎಳೆದರೆ, ಕಾರು ಹೋಗುವುದು ಹೆಚ್ಚು ಹಿಡಿಯುವ ಚಕ್ರದ ಬದಿಗೆ. ಆದರೆ ರೋಗವಿರುವುದು ಹಲವು ವೇಳೆ ಎದುರು ಬದಿಯ, ಹಿಡಿಯದ ಚಕ್ರದಲ್ಲಿ. ಎಡಕ್ಕೆ ಎಳೆಯುವ ಕಾರಿನ ಬಲ ಚಕ್ರದ ಸಿಲಿಂಡರ್ ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಆದ್ದರಿಂದ ಎರಡೂ ಡ್ರಮ್ಮುಗಳನ್ನು ಬಿಚ್ಚಿ ಹೋಲಿಸಿ ನೋಡಬೇಕು. ಲೈನಿಂಗನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು. ಎರಡೂ ಸರಿಯಾಗಿದ್ದರೆ ಸಸ್ಪೆನ್ಷನ್ನಿನ ಬುಷ್‌ಗಳತ್ತ ನೋಡಬೇಕು. ಅವು ಸವೆದಿದ್ದರೆ ಬ್ರೇಕಿನ ಬಲಕ್ಕೆ ಚಕ್ರವೇ ಹಿಂದಕ್ಕೆ ಸರಿದು ಕಾರಿನ ದಿಕ್ಕು ಬದಲಾಗುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ ಬಾಯಿಂದಲೋ ಗಾಳಿಯ ಪಂಪಿನಿಂದಲೋ ಊದದೆ, ಮುಖಕ್ಕೆ ತಕ್ಕ ಮಾಸ್ಕ್ ಧರಿಸಿ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಎರಡನೆಯದಾಗಿ, ಬ್ರೇಕ್ ಆಯಿಲ್ ಬದಲಿಗೆ ಎಂಜಿನ್ ಎಣ್ಣೆ ಸುರಿದರೆ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ತೇವ ಹೀರಿದ ಹಳೆಯ ಬ್ರೇಕ್ ಆಯಿಲ್ ಕಡಿಮೆ ಶಾಖಕ್ಕೇ ಕುದಿಯುವುದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಬೇಕು.

ದುರಸ್ತಿಯಾದ ಕಾರನ್ನು ಮೊದಲು ಜನರಿಲ್ಲದ ಸಮತಟ್ಟು ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಪರೀಕ್ಷಿಸಿ, ಆಮೇಲೆ ವೇಗ ಹೆಚ್ಚಿಸಬೇಕು. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. 20 ಕಿಲೋಮೀಟರಿನಲ್ಲಿ ಸರಿಯೆನಿಸಿದ ಬ್ರೇಕು 40ರಲ್ಲಿ ಸಾಲದೆ ಹೋಗಬಹುದು. ಎಂಜಿನ್ ಕೆಟ್ಟ ಕಾರು ದಾರಿಯಲ್ಲಿ ನಿಂತುಬಿಡುತ್ತದೆ. ಅದರಿಂದ ಆಗುವ ನಷ್ಟ ಒಡೆಯನದು. ಸ್ಟೀರಿಂಗ್ ಬ್ರೇಕು ಕೆಟ್ಟ ಕಾರು ನಿಲ್ಲದೆ ಹೋಗುತ್ತದೆ. ಅದರ ನಷ್ಟ ದಾರಿಹೋಕನದು. ಹಳೆಯ ಕಾರಿನ ಮೈಗೆ ಬಣ್ಣ ಬಳಿಸುವ ಮುನ್ನ ಅದರ ಚಕ್ರಗಳನ್ನು ಬಿಚ್ಚಿ ನೋಡುವುದು ಒಡೆಯರಾದವರ ಮೊದಲ ಕರ್ತವ್ಯ.