ಮಕ್ಕಳ ಕೈಗೆ ಎಂಥ ಪುಸ್ತಕ?

ಮಠದ ಜಾತ್ರೆಗಳಲ್ಲಿ ಬೆಂಡು-ಬತ್ತಾಸು, ಬಳೆ, ಆಟಿಕೆಗಳ ಅಂಗಡಿಗಳ ಸಾಲು ಮುಗಿಯುವಲ್ಲಿ ಒಂದೋ ಎರಡೋ ಪುಸ್ತಕದ ಅಂಗಡಿಗಳು ಇರುವುದುಂಟು. ಮಕ್ಕಳ ಕೈಹಿಡಿದು ಅಲ್ಲಿಗೆ ಬರುವ ಗೃಹಸ್ಥರು ಸಾಮಾನ್ಯವಾಗಿ ಕೇಳುವುದು ‘ನೀತಿಕಥೆಯ ಪುಸ್ತಕ’ವನ್ನು. ಅಂಗಡಿಯವನು ಬಣ್ಣದ ಹೊದಿಕೆಯ ತೆಳ್ಳನೆಯ ಪುಸ್ತಕವೊಂದನ್ನು ಕೊಡುತ್ತಾನೆ. ಅದರ ಪ್ರತಿಯೊಂದು ಕಥೆಯ ಕೊನೆಗೂ ಚೌಕದೊಳಗೆ ದಪ್ಪಕ್ಷರದಲ್ಲಿ ನೀತಿ ಅಚ್ಚಾಗಿರುತ್ತದೆ: ಸುಳ್ಳು ಹೇಳಬಾರದು, ಅತಿಯಾಸೆ ಪಡಬಾರದು, ಹಿರಿಯರ ಮಾತು ಮೀರಬಾರದು. ತಂದೆಗೆ ಸಮಾಧಾನವಾಗುತ್ತದೆ. ಮಗುವಾದರೋ ಚಿತ್ರಗಳನ್ನು ನೋಡಿ ಮುಗಿಸಿ ಪುಸ್ತಕವನ್ನು ಬದಿಗಿಡುತ್ತದೆ. ಆ ಚೌಕವನ್ನು ಓದಿ ಬದಲಾದ ಮಗುವನ್ನು ನಾನಂತೂ ಕಂಡಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಶಾಲೆಗಳಲ್ಲಿ ‘ಜೀವನ ಕೌಶಲ’ ಎಂಬ ಮಾತು ಬಳಕೆಗೆ ಬಂದಿದೆ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಹತ್ತು ಕೌಶಲಗಳನ್ನು ಗುರುತಿಸಿತು. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ತನ್ನದೆಂದು ತಿಳಿಯುವುದು, ವಿವೇಚನೆಯಿಂದ ನಿರ್ಧರಿಸುವುದು, ಸಮಸ್ಯೆಗೆ ದಾರಿ ಹುಡುಕುವುದು, ಮನಸ್ಸಿನಲ್ಲಿರುವುದನ್ನು ಸರಿಯಾಗಿ ಹೇಳಿಕೊಳ್ಳುವುದು, ಭಾವೋದ್ವೇಗವನ್ನೂ ಒತ್ತಡವನ್ನೂ ನಿಭಾಯಿಸುವುದು ಮೊದಲಾದವು ಅದರಲ್ಲಿ ಸೇರಿವೆ. ಶರಣ ಪರಂಪರೆಯಲ್ಲಿ ಬೆಳೆದವರು ಇದನ್ನು ಕೇಳಿ ಬೆರಗಾಗಬೇಕಾಗಿಲ್ಲ. ಬಸವಣ್ಣನವರ ಸಪ್ತಶೀಲದ ವಚನವನ್ನು ನಮ್ಮ ಮನೆಗಳಲ್ಲಿ ನಾಲ್ಕು ವರ್ಷದ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಅದರ ಏಳು ನಿಯಮಗಳನ್ನು ಬಿಡಿಸಿ ನೋಡಿದರೆ ಕಳವು, ಕೊಲೆ, ಹುಸಿ ಎಂಬ ಮೂರನ್ನು ಬಿಟ್ಟು ಉಳಿದ ನಾಲ್ಕೂ ಅಂತರಂಗಕ್ಕೆ ಸಂಬಂಧಿಸಿದವು. ಸಿಟ್ಟು, ಅನ್ಯರನ್ನು ಕಂಡು ಪಡುವ ಅಸಹ್ಯ, ತನ್ನನ್ನು ತಾನೇ ಹೊಗಳಿಕೊಳ್ಳುವ ಚಪಲ, ಎದುರಿನವರನ್ನು ಹಳಿಯುವ ಚಾಳಿ ಇವೇ ಆ ನಾಲ್ಕು. ಸಿಟ್ಟೆಂಬುದು ಮನೆಯೊಳಗಿನ ಬೆಂಕಿ, ಅದು ನೆರೆಮನೆಯನ್ನಲ್ಲ, ಹೊತ್ತಿಕೊಂಡ ಮನೆಯನ್ನೇ ಸುಡುತ್ತದೆ ಎಂಬ ಅಣ್ಣನವರ ಇನ್ನೊಂದು ವಚನದ ಭಾವವೂ ಓದುಗರಿಗೆ ತಿಳಿದದ್ದೇ.

ಆದರೆ ಆರು ವರ್ಷದ ಮಗುವಿಗೆ ‘ಸಿಟ್ಟಾಗಬೇಡ’ ಎಂದ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ. ತನ್ನೊಳಗೆ ಕುದಿಯುತ್ತಿರುವುದರ ಹೆಸರು ಸಿಟ್ಟು ಎಂಬುದೇ ಅದಕ್ಕೆ ಮೊದಲು ತಿಳಿಯಬೇಕು. ಅದು ತನಗೊಬ್ಬನಿಗೇ ಬರುವುದಲ್ಲ, ಎಲ್ಲರಿಗೂ ಬರುತ್ತದೆ, ಬಂದದ್ದು ಹೋಗುತ್ತದೆ ಎಂಬುದು ಕಾಣಬೇಕು. ಉಪದೇಶ ಇದನ್ನು ಮಾಡಲಾರದು, ಕಥೆ ಮಾಡಬಲ್ಲದು. ಆದ್ದರಿಂದ ಪುಸ್ತಕವನ್ನು ಕೈಗೆತ್ತಿಕೊಂಡಾಗ ಕೊನೆಯ ಚೌಕದಲ್ಲಿ ಏನಿದೆ ಎಂದು ನೋಡುವುದಕ್ಕಿಂತ, ಕಥೆಯೊಳಗಿನ ಮಗುವಿಗೆ ಅಳಲು, ಅಂಜಲು, ಮುನಿಯಲು ಎಡೆಯಿದೆಯೇ ಎಂದು ನೋಡುವುದು ಮೇಲು.

ಜಿ.ಪಿ. ರಾಜರತ್ನಂ ಅವರ ತುತ್ತೂರಿಯ ಪದ್ಯವನ್ನೇ ತೆಗೆದುಕೊಳ್ಳಿರಿ. ಕಸ್ತೂರಿಗೆ ಬಣ್ಣದ ತುತ್ತೂರಿ ಸಿಕ್ಕಿದೆ, ಅದು ಇನ್ನಾರ ಬಳಿಯೂ ಇಲ್ಲವೆಂಬ ಜಂಬ ಬಂದಿದೆ, ಕೊಳದ ಬಳಿ ಅದು ನೀರಿಗೆ ಜಾರಿದೆ, ತುತ್ತೂರಿಯ ದನಿಯೂ ಬಣ್ಣವೂ ಹೋಗಿವೆ. ಓದುವ ಮಗು ನಗುತ್ತದೆ. ನಗುತ್ತಲೇ ತನ್ನ ಹೊಸ ಚಪ್ಪಲಿಯನ್ನೋ ಸೈಕಲ್ಲನ್ನೋ ನೆನೆದು ತುಸು ಸುಮ್ಮನಾಗುತ್ತದೆ. ಮಗುವನ್ನು ಹೀಗಳೆಯದೆ ಅದಕ್ಕೆ ಅದರ ಮುಖವನ್ನೇ ತೋರಿಸುವ ಈ ಬಗೆ ಪಂಜೆ ಮಂಗೇಶರಾಯರಿಂದ ಮೊದಲುಗೊಂಡು ನಮ್ಮ ಉತ್ತರ ಕರ್ನಾಟಕದ ಸಿಸು ಸಂಗಮೇಶ, ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪನವರವರೆಗೆ ಮಕ್ಕಳ ಕವಿಗಳಿಗೆ ಕರಗತವಾಗಿತ್ತು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇಂಗ್ಲಿಷ್ ಕವಿ ಬ್ರೌನಿಂಗನ ಕವನದಿಂದ ಹುಟ್ಟಿದ್ದು. ಅದರಲ್ಲಿ ಮಾತು ಕೊಟ್ಟು ತಪ್ಪುವವರು ಮಕ್ಕಳಲ್ಲ, ಊರ ಹಿರಿಯರು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೆ ಅದು ಕೊಡಿಸುತ್ತೇನೆ, ಇದು ಕೊಡಿಸುತ್ತೇನೆ ಎಂದು ಹೇಳಿ ಮರೆಯುವ ತಂದೆಯರು ಆ ಪುಸ್ತಕವನ್ನು ಮಕ್ಕಳಿಗಿಂತ ಮೊದಲು ತಾವು ಓದುವುದು ಕ್ಷೇಮ.

ಗೋವಿನ ಹಾಡನ್ನು ನಾವು ಸತ್ಯದ ಮಹಿಮೆಗೆಂದೇ ಹೇಳಿಕೊಡುತ್ತೇವೆ. ಆದರೆ ಕೇಳುವ ಮಗುವಿನ ಕಣ್ಣು ಪುಣ್ಯಕೋಟಿಯ ಮೇಲಲ್ಲ, ಕರುವಿನ ಮೇಲಿರುತ್ತದೆ. ತಾಯಿ ಹೊರಟು ನಿಂತಿದ್ದಾಳೆ, ತಬ್ಬಲಿಯಾಗುವ ಕರುವನ್ನು ನೆರೆಯ ಆಕಳುಗಳಿಗೆ ಒಪ್ಪಿಸುತ್ತಿದ್ದಾಳೆ. ನಮ್ಮ ಮನೆಗಳಲ್ಲಿ ಅಜ್ಜನೋ ಅಜ್ಜಿಯೋ ಲಿಂಗೈಕ್ಯರಾದಾಗ ಮಕ್ಕಳನ್ನು ದೂರ ಸರಿಸಿ ‘ಅಜ್ಜ ಊರಿಗೆ ಹೋಗ್ಯಾನ’ ಎಂದು ಹೇಳಿ ಸುಮ್ಮನಾಗುವುದು ರೂಢಿ. ಮಗು ತಿಂಗಳುಗಟ್ಟಲೆ ಬಾಗಿಲು ನೋಡುತ್ತದೆ. ಅಂಥ ಮನೆಯಲ್ಲಿ ಈ ಹಾಡು ಅಗಲಿಕೆಯ ಮಾತನ್ನು ತೆಗೆಯಲು ಒಂದು ಬಾಗಿಲಾದೀತು. ಒಂದು ಎಚ್ಚರ ಮಾತ್ರ ಬೇಕು: ಹಾಡಿನಲ್ಲಿ ತಾಯಿ ಮರಳಿ ಬರುತ್ತಾಳೆ, ಲಿಂಗೈಕ್ಯರಾದ ಅಜ್ಜ ಬರುವುದಿಲ್ಲ. ಈ ವ್ಯತ್ಯಾಸವನ್ನು ತಾಯಿತಂದೆಗಳು ಬಾಯಿಬಿಟ್ಟು ಹೇಳಬೇಕು.

ಇನ್ನು ನಮ್ಮ ಪುರಾತನರ ಕಥೆಗಳು. ಹರಿಹರ ಮಹಾಕವಿಯ ಕೊಡಗೂಸಿನ ರಗಳೆಯ ಕಥೆಯನ್ನು ಕೇಳದ ಲಿಂಗಾಯತ ಮಗು ಇರಲಾರದು. ಕೋಳೂರಿನಲ್ಲಿ ತಂದೆ ಪರವೂರಿಗೆ ಹೋಗುವಾಗ ಶಿವನಿಗೆ ಹಾಲು ಎರೆಯುವ ಕೆಲಸವನ್ನು ಎಳೆಯ ಮಗಳಿಗೆ ಒಪ್ಪಿಸುತ್ತಾನೆ. ಶಿವನು ನಿಜವಾಗಿಯೇ ಕುಡಿಯುವನೆಂದು ಅವಳು ನಂಬಿದ್ದಾಳೆ. ಕುಡಿಯದಿದ್ದಾಗ ಬಗೆಬಗೆಯಾಗಿ ಬೇಡುತ್ತಾಳೆ, ಅಳುತ್ತಾಳೆ, ಅಪ್ಪನಿಗೆ ಅಂಜುತ್ತಾಳೆ. ಶಿವನು ಕರಗಿ ಹಾಲು ಕುಡಿಯುತ್ತಾನೆ. ಮರಳಿ ಬಂದ ತಂದೆ ಇದನ್ನು ನಂಬುವುದಿಲ್ಲ. ತನ್ನೆದುರು ಕುಡಿಸು ಎನ್ನುತ್ತಾನೆ, ಹೊಡೆಯಲು ಬರುತ್ತಾನೆ. ಮಗು ಲಿಂಗವನ್ನು ಸೇರಿ ಐಕ್ಯವಾಗುತ್ತದೆ.

ಪುರಾಣ-ಪ್ರವಚನಗಳಲ್ಲಿ ನಾವು ಇದನ್ನು ಮುಗ್ಧಭಕ್ತಿಯ ನಿದರ್ಶನವೆಂದು ಹೇಳುತ್ತ ಬಂದಿದ್ದೇವೆ, ಅದು ಸರಿಯೇ. ಆದರೆ ಎಂಟು ವರ್ಷದ ಹುಡುಗಿಯೊಬ್ಬಳು ಇದನ್ನು ಓದುವಾಗ ಅವಳಿಗೆ ಮುಟ್ಟುವುದು ಬೇರೆ. ನಿಜ ಹೇಳಿದ ಮಗುವನ್ನು ಹೆತ್ತ ತಂದೆಯೇ ನಂಬಲಿಲ್ಲ ಎಂಬುದು ಅವಳಿಗೆ ಮುಟ್ಟುತ್ತದೆ. ಮಕ್ಕಳ ಬದುಕಿನಲ್ಲಿ ಇದಕ್ಕಿಂತ ದೊಡ್ಡ ದುಃಖ ಇನ್ನಾವುದಿದೆ? ಶಾಲೆಯಲ್ಲಿ ತನಗೊಬ್ಬರು ಕಿರುಕುಳ ಕೊಟ್ಟರೆಂದು, ನೆಂಟರಲ್ಲೊಬ್ಬರು ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆಂದು ಹೇಳಲು ಬಂದ ಮಗುವಿನ ಬಾಯಿಯನ್ನು ‘ಏನೇನರೆ ಹೇಳಬ್ಯಾಡ’ ಎಂದು ಮುಚ್ಚಿಸಿದ ಮನೆಗಳು ನಮ್ಮಲ್ಲಿಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ? ಆದ್ದರಿಂದ ಕೊಡಗೂಸಿನ ಕಥೆಯನ್ನು ಮಕ್ಕಳಿಗಾಗಿ ಬರೆದ ಪುಸ್ತಕ ಸಿಕ್ಕರೆ, ಅದರಲ್ಲಿ ಆ ಹುಡುಗಿಯ ಅಂಜಿಕೆಗೆ ಎಷ್ಟು ಪುಟ ಮೀಸಲಾಗಿದೆ ನೋಡಿರಿ. ಅಂಜಿಕೆಯನ್ನು ಹಾರಿಸಿ ನೇರವಾಗಿ ಪವಾಡಕ್ಕೆ ಹೋಗುವ ಪುಸ್ತಕ ಮಕ್ಕಳಿಗೆ ಹೆಚ್ಚು ಉಪಯೋಗವಿಲ್ಲ. ಓದಿ ಮುಗಿಸಿದ ಮೇಲೆ ಮಗಳಿಗೆ, ‘ನೀನು ಬಂದು ಹೇಳಿದ್ದನ್ನು ನಾನು ಮೊದಲು ಕೇಳುತ್ತೇನೆ’ ಎಂದು ತಂದೆ ಹೇಳಿದರೆ ಹರಿಹರನ ಆತ್ಮ ತೃಪ್ತಿಪಟ್ಟೀತು.

ಇದೇ ಮಾತಿನ ಇನ್ನೊಂದು ಮುಖವನ್ನು ಹೇಳಿದರೆ ಕೆಲವರಿಗೆ ಕಹಿಯಾದೀತು, ಆದರೂ ಹೇಳಬೇಕಾಗಿದೆ. ಸಿರಿಯಾಳ ಸೆಟ್ಟಿಯ ಕಥೆ ನಮ್ಮಲ್ಲಿ ಪೂಜ್ಯವಾದದ್ದು. ಜಂಗಮರೂಪದ ಶಿವನ ಬಯಕೆಯಂತೆ ಸಿರಿಯಾಳ-ಚಂಗಳೆಯರು ಹೆತ್ತ ಮಗನನ್ನೇ ಕೊಂದು ಅಡಿಗೆ ಮಾಡಿ ಬಡಿಸುತ್ತಾರೆ. ಕಡೆಗೆ ಶಿವನು ಮಗುವನ್ನು ಮರಳಿ ಕೊಡುತ್ತಾನೆ. ಇದನ್ನು ಬಣ್ಣದ ಚಿತ್ರಗಳೊಡನೆ ಐದಾರು ವರ್ಷದವರಿಗೆಂದು ಅಚ್ಚು ಹಾಕುವುದನ್ನು ನಾನು ಒಪ್ಪಲಾರೆ. ಒಮ್ಮೆ ಶ್ರಾವಣದ ಪ್ರವಚನ ಮುಗಿದ ಮೇಲೆ ತಾಯಿಯೊಬ್ಬಳು ಬಂದು, ‘ಗುರುಗಳ, ಹುಡುಗ ಎರಡು ದಿನಾ ಆತು ಅಡಿಗಿಮನಿಗೆ ಬರವಲ್ಲ, ಈಳಿಗಿ ಕಂಡರ ಅಂಜತಾನ’ ಎಂದಳು. ಹಿರಿಯರಿಗೆ ಆ ಕಥೆಯಲ್ಲಿ ಕಾಣುವುದು ಸರ್ವಾರ್ಪಣ ಭಾವ, ಎಳೆಯರಿಗೆ ಕಾಣುವುದು ತಾಯಿಯ ಕೈಯಲ್ಲಿನ ಕತ್ತಿ. ಪುರಾತನರ ಕಥೆಯನ್ನು ಮುಚ್ಚಿಡುವುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಶೂನ್ಯಸಂಪಾದನೆಯನ್ನು ನಾವು ಎಳೆಗೂಸಿಗೆ ಓದಿಸುವುದಿಲ್ಲ, ಹಲ್ಲು ಮೂಡುವ ಮೊದಲು ರೊಟ್ಟಿ ತಿನ್ನಿಸುವುದಿಲ್ಲ. ಕಣ್ಣು ಕಿತ್ತು ಕೊಟ್ಟ ಕಣ್ಣಪ್ಪನ ಕಥೆಗೂ ಇದೇ ಮಾತು. ಪ್ರಶ್ನೆ ಕೇಳುವ ವಯಸ್ಸು ಬಂದ ಮೇಲೆ, ಪ್ರಶ್ನೆಗೆ ಉತ್ತರಿಸಬಲ್ಲ ಹಿರಿಯರು ಪಕ್ಕದಲ್ಲಿರುವಾಗ ಅವನ್ನು ಹೇಳಬೇಕು.

ಅಲ್ಲಿಯವರೆಗೆ ಹೇಳಲು ಶರಣರ ಕಥೆಗಳಿಗೇನು ಬರವೇ? ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರದು ಮಕ್ಕಳಿಗಾಗಿಯೇ ನಡೆದಂತಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ ಹಿಂದಿರುಗಿಸಲು ಹೇಳುತ್ತಾಳೆ. ಇದರಲ್ಲಿ ಪವಾಡವಿಲ್ಲ, ರಕ್ತವಿಲ್ಲ. ಬೇಕಾದದ್ದಕ್ಕೂ ಆಸೆಗೂ ಇರುವ ಅಂತರವಿದೆ, ಪ್ರೀತಿಸುವವರಿಗೆ ‘ಇದು ಬೇಡ’ ಎಂದು ಹೇಳುವ ಧೈರ್ಯವಿದೆ, ಹೆಂಡತಿಯ ಮಾತನ್ನು ಅವಮಾನವೆಂದು ತಿಳಿಯದೆ ಕೇಳುವ ಗಂಡನಿದ್ದಾನೆ. ಗೆಳೆಯರ ಒತ್ತಾಯಕ್ಕೆ ಗುಟ್ಕಾ ಬಾಯಿಗೆ ಹಾಕುವ ಹದಿಹರೆಯದ ಹುಡುಗನಿಗೆ ‘ಬೇಡ’ ಎನ್ನುವುದನ್ನು ಕಲಿಸಲು ಲಕ್ಕಮ್ಮನಿಗಿಂತ ಒಳ್ಳೆಯ ಗುರು ಯಾರು? ಹಗ್ಗ ಹೊಸೆದ ನುಲಿಯ ಚಂದಯ್ಯ, ಬಟ್ಟೆ ಒಗೆದ ಮಡಿವಾಳ ಮಾಚಯ್ಯ ಇವರ ಕಥೆಗಳೂ ಹಾಗೆಯೇ. ಆದರೆ ಇವು ಮಕ್ಕಳ ಭಾಷೆಯಲ್ಲಿ, ಅಂದವಾದ ಚಿತ್ರಗಳೊಡನೆ ಬರಬೇಕು. ಡಾ. ಫ.ಗು. ಹಳಕಟ್ಟಿಯವರು (1880–1964) ವಚನಗಳನ್ನು ಅಚ್ಚು ಮಾಡಿಸಲು ತಮ್ಮ ಮನೆಯನ್ನೇ ಮಾರಿದರು. ನಾವು ಕಟ್ಟಿಸುವ ಎರಡಂತಸ್ತಿನ ಮನೆಗಳಲ್ಲಿ ಮಕ್ಕಳ ಪುಸ್ತಕಕ್ಕೆ ಒಂದು ಗೂಡು ಇರುವುದಿಲ್ಲ.

ನಮ್ಮದಲ್ಲದ ನಾಡಿನ ಪುಸ್ತಕವೊಂದನ್ನೂ ಇಲ್ಲಿ ಹೆಸರಿಸಬೇಕು. ಜಪಾನಿನ ತೆತ್ಸುಕೋ ಕುರೊಯಾನಗಿ ತಮ್ಮ ಬಾಲ್ಯವನ್ನು ಕುರಿತು ಬರೆದ ‘ತೊತ್ತೋಚಾನ್’ 1981ರಲ್ಲಿ ಪ್ರಕಟವಾಯಿತು, ಕನ್ನಡದಲ್ಲಿಯೂ ಬಂದಿದೆ. ತರಗತಿಯಲ್ಲಿ ಸುಮ್ಮನೆ ಕೂರಲಾರದ ಹುಡುಗಿಯನ್ನು ಮೊದಲ ಶಾಲೆಯವರು ಹೊರಹಾಕುತ್ತಾರೆ. ಹೊಸ ಶಾಲೆಯ ತರಗತಿಗಳು ನಡೆಯುವುದು ಹಳೆಯ ರೈಲುಡಬ್ಬಿಗಳಲ್ಲಿ. ಅಲ್ಲಿಯ ಮುಖ್ಯೋಪಾಧ್ಯಾಯರು ಮೊದಲ ದಿನವೇ ತಾಯಿಯನ್ನು ಕಳುಹಿಸಿ, ಮಗುವಿನ ಎದುರು ಕುರ್ಚಿ ಎಳೆದುಕೊಂಡು ಕುಳಿತು, ಅವಳು ಹೇಳಿದ್ದನ್ನೆಲ್ಲ ನಾಲ್ಕು ಗಂಟೆ ಕೇಳುತ್ತಾರೆ. ಆಕಳಿಸುವುದಿಲ್ಲ, ತಿದ್ದುವುದಿಲ್ಲ. ಪೋಲಿಯೋದಿಂದ ಕೈಕಾಲು ಸ್ವಾಧೀನ ತಪ್ಪಿದ ಗೆಳೆಯನನ್ನು ತೊತ್ತೋಚಾನ್ ಬೆವರು ಸುರಿಸಿ ಮರ ಹತ್ತಿಸುವ ಭಾಗವನ್ನು, ಮುಂದೆ ಅವನು ತೀರಿಹೋದ ಸುದ್ದಿ ಬರುವ ಭಾಗವನ್ನು ಅರವತ್ತು ದಾಟಿದ ನಾನೂ ಕಣ್ಣೊರೆಸಿಕೊಳ್ಳದೆ ಓದಲಾರೆ. ಹತ್ತು ವರ್ಷ ದಾಟಿದವರು ತಾವೇ ಓದಿಕೊಳ್ಳಬಲ್ಲರು, ಚಿಕ್ಕವರಿಗೆ ದಿನಕ್ಕೊಂದು ಅಧ್ಯಾಯ ಓದಿ ಹೇಳಬಹುದು. ನಾಲ್ಕು ಗಂಟೆ ಬೇಡ, ಮಗುವಿನ ಮಾತನ್ನು ಮೊಬೈಲು ಕೆಳಗಿಟ್ಟು ನಾಲ್ಕು ನಿಮಿಷ ಕೇಳಿದ್ದು ಎಂದು ಎಂಬ ಪ್ರಶ್ನೆ ಓದುವ ಹಿರಿಯರನ್ನು ಕಾಡದೆ ಇರದು.

ಬೇಡವೆನ್ನಬೇಕಾದ ಪುಸ್ತಕಗಳನ್ನು ಗುರುತಿಸುವುದು ಕಷ್ಟವಲ್ಲ. ಕಪ್ಪಗಿರುವವನೇ ದುಷ್ಟ, ದಪ್ಪಗಿರುವವನೇ ಪೆದ್ದ, ಮಲತಾಯಿಯೆಂದರೆ ರಾಕ್ಷಸಿ, ಹುಡುಗಿಯೆಂದರೆ ಅಳುಬುರುಕಿ ಎಂದು ಚಿತ್ರಿಸುವುದನ್ನು ಅಲ್ಲಿಯೇ ಕೆಳಗಿಡಿರಿ. ಅನ್ಯರನ್ನು ಕಂಡು ಅಸಹ್ಯಪಡುವುದನ್ನು ಶೀಲಭಂಗವೆಂದು ತಿಳಿದ ಮನೆಯಲ್ಲಿ ಅವುಗಳಿಗೆ ಸ್ಥಾನವಿಲ್ಲ. ಪಂಚತಂತ್ರವನ್ನೂ ಕಣ್ಣುಮುಚ್ಚಿ ಕೊಳ್ಳುವಂತಿಲ್ಲ. ಹನ್ನೊಂದನೆಯ ಶತಮಾನದ ದುರ್ಗಸಿಂಹನು ಕನ್ನಡಕ್ಕೆ ತಂದ ಆ ಕಥೆಗಳು ಮೂಲತಃ ರಾಜನೀತಿಗಾಗಿ ಹುಟ್ಟಿದವು. ಮೋಸದಿಂದ ಗೆದ್ದವನ ಕಥೆಯನ್ನು ಓದಿದ ಮೇಲೆ, ಸೋತವನಿಗೆ ಆಗ ಏನನ್ನಿಸಿತು ಎಂದು ಮಗುವನ್ನು ಕೇಳುವ ಹಿರಿಯರು ಬೇಕು.

ಓದಿಸುವ ಕ್ರಮದಲ್ಲಿ ನಮ್ಮವರದು ಒಂದೇ ದೋಷ. ಪುಸ್ತಕ ಮುಗಿದೊಡನೆ ‘ಇದರಿಂದ ಏನು ಕಲಿತೆ?’ ಎಂದು ಪರೀಕ್ಷೆ ಮಾಡುವುದು. ಸಂಜೆಯ ಲಿಂಗಪೂಜೆ ಮುಗಿದು ಪ್ರಸಾದಕ್ಕೆ ಕೂರುವ ಮೊದಲು ಹತ್ತು ನಿಮಿಷ ತಂದೆಯೋ ತಾಯಿಯೋ ಗಟ್ಟಿಯಾಗಿ ಓದಿದರೆ ಸಾಕು. ಓದಿದ ಮೇಲೆ ಮಗು ತಾನಾಗಿ ಮಾತನಾಡಿದರೆ ಕೇಳಬೇಕು, ಇಲ್ಲವಾದರೆ ಬಿಡಬೇಕು. ಓದಿದ್ದನ್ನೇ ಮತ್ತೆ ಓದು ಎಂದು ಹಟ ಹಿಡಿದರೆ ಬೇಸರಿಸಬಾರದು. ಅದಕ್ಕೆ ಆ ಕಥೆಯಲ್ಲಿ ಏನೋ ಕೆಲಸವಿದೆ ಎಂದು ತಿಳಿಯಬೇಕು.

ಪುಸ್ತಕವು ವೈದ್ಯನಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುವುದು ಲೇಸು. ಮಗು ವಾರಗಟ್ಟಲೆ ಊಟ-ನಿದ್ರೆ ಬಿಟ್ಟರೆ, ಆಟ ಬಿಟ್ಟು ಮೂಲೆ ಹಿಡಿದರೆ, ಬದುಕೇ ಬೇಡವೆಂಬ ಮಾತಾಡಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರಲ್ಲಿ ಮರ್ಯಾದೆಯ ಪ್ರಶ್ನೆಯೇನೂ ಇಲ್ಲ.

ಪುಸ್ತಕ ಕೊಳ್ಳಲು ಹಣದ ಅಡಚಣೆಯಿದ್ದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. 2020ರಲ್ಲಿ ಪ್ರಾರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ನೀಡಲಾಯಿತು. ಬೇಕಾದ ಪುಸ್ತಕ ಅಲ್ಲಿಲ್ಲವಾದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆದು ಮೇಲ್ವಿಚಾರಕರ ಕೈಗೆ ಕೊಟ್ಟು ಬನ್ನಿರಿ. ಚೀಟಿಯನ್ನು ಮಗುವಿನ ಕೈಯಿಂದಲೇ ಬರೆಯಿಸಿರಿ.