ಮುಲುಕ ಮೈದಾನ ಹೆಚ್ಚೋ, ಮುಚ್ಚಿದ ಬಾವಿ ಹೆಚ್ಚೋ?

ಸೊಲ್ಲಾಪುರ–ವಿಜಯಪುರ ಹೆದ್ದಾರಿ ಭೀಮಾ ನದಿ ದಾಟಿ ಝಳಕಿಗೆ ಬರುತ್ತದೆ. ಇಲ್ಲಿ ಹಗಲೂ ರಾತ್ರಿ ಓಡುವ ದೊಡ್ಡ ಲಾರಿಗಳಿಗೆ ಸರಕು ಸಮೇತ ಕಾನೂನು ಹಾಕಿರುವ ಗರಿಷ್ಠ ಮಿತಿ 55 ಟನ್. ವಿಜಯಪುರದ ಮುಲುಕ ಮೈದಾನ ತೋಪು ಒಂದೇ ಹೆಚ್ಚುಕಡಿಮೆ ಅಷ್ಟು ತೂಗುತ್ತದೆ. 1632ರಲ್ಲಿ ಅದನ್ನು ಪರಾಂಡ ಕೋಟೆಯಿಂದ ವಿಜಯಪುರಕ್ಕೆ ತಂದರು. ಯಾವ ಹಾದಿ ಹಿಡಿದಿದ್ದರೂ ಭೀಮೆಯನ್ನು ದಾಟಿಸಲೇಬೇಕಿತ್ತು. 400 ಎತ್ತು, 10 ಆನೆ, ನೂರಾರು ಆಳು ಸೇರಿ ಎಳೆದರೆಂದು ಜನ ಹೇಳುತ್ತಾರೆ.

ಜಗತ್ತಿನ ಅತಿ ದೊಡ್ಡ ಸೇನಾ ಎಂಜಿನಿಯರಿಂಗ್ ಸಾಧನೆ ಯಾವುದು ಎಂಬ ವಾದ ಎದ್ದಾಗಲೆಲ್ಲ ಸೀಸರ್ ಕ್ರಿ.ಪೂ. 55ರಲ್ಲಿ ಹತ್ತೇ ದಿನದಲ್ಲಿ ರೈನ್ ನದಿಗೆ ಕಟ್ಟಿಸಿದ ಮರದ ಸೇತುವೆ ಬರುತ್ತದೆ, 1944ರಲ್ಲಿ ನಾರ್ಮಂಡಿ ತೀರಕ್ಕೆ ತೇಲಿಸಿಕೊಂಡು ಹೋದ ಬಂದರು ಬರುತ್ತದೆ. ವಿಜಯಪುರ ಜಿಲ್ಲೆಯಲ್ಲಿ ಈ ಮಾತು ತೆಗೆದರೆ ಮೊದಲ ಮತ ತೋಪಿಗೇ.

ಅದಕ್ಕೆ ಕಾರಣವೂ ಇದೆ. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಅದನ್ನು ಎರಕ ಹೊಯ್ದ. ತಾಮ್ರ, ತವರ ಬೆರೆತ ಗಂಟೆಯ ಲೋಹ. ಬೆರಳಿನಿಂದ ತಟ್ಟಿದರೆ ಗುಂಯ್ ಎನ್ನುತ್ತದೆ. ಉದ್ದ ನಾಲ್ಕೂವರೆ ಮೀಟರಿನಷ್ಟು. ಬಾಯಿ ಸಿಂಹದ್ದು, ಹಲ್ಲುಗಳ ನಡುವೆ ಸಿಕ್ಕಿಬಿದ್ದ ಆನೆ. ಇಷ್ಟೆಲ್ಲ ಇದ್ದೂ 1854ರಲ್ಲಿ ಬ್ರಿಟಿಷರು ಅದನ್ನು ಹರಾಜಿಗಿಟ್ಟಾಗ ಬಂದ ಸವಾಲು 150 ರೂಪಾಯಿ! ಪುಣ್ಯಕ್ಕೆ ಮಾರಾಟ ರದ್ದಾಯಿತು.

ಎರಡನೇ ಮತ ಕೋಟೆಗೆ. ಸುಮಾರು 10 ಕಿ.ಮೀ. ಸುತ್ತಳತೆ, 96 ಬುರುಜು, ಹೊರಗೆ ಅಗಲವಾದ ಕಂದಕ. ಒಂದನೇ ಅಲಿ ಆದಿಲ್ ಶಾಹ 1565ರಲ್ಲಿ ಪೂರ್ತಿ ಮಾಡಿಸಿದ್ದು. ಒಬ್ಬೊಬ್ಬ ಸರದಾರನಿಗೆ ಒಂದೊಂದು ಪಾಲು ಹಂಚಿದ್ದರಿಂದ ಒಂದು ಬುರುಜಿನಂತೆ ಇನ್ನೊಂದಿಲ್ಲ. ದಂಡಯಾತ್ರೆಯಲ್ಲಿದ್ದು ತನ್ನ ಪಾಲು ತಪ್ಪಿಸಿಕೊಂಡ ಹೈದರ್ ಖಾನ್ ಆಮೇಲೆ ಒಳಗಿನ ದಿಬ್ಬದ ಮೇಲೆ 80 ಅಡಿ ಎತ್ತರದ ಉಪ್ಪಲಿ ಬುರುಜು ಕಟ್ಟಿಸಿದನೆಂದು ಕತೆ. ಹೊರಮೈಗೆ ಸುತ್ತಿದ ಮೆಟ್ಟಿಲು ಹತ್ತಿದರೆ ಮೇಲೆ 30 ಅಡಿ ಉದ್ದದ ತೋಪು. ಅದು ಎರಕದ್ದಲ್ಲ, ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ ಬಳೆ ತೊಡಿಸಿ ಮಾಡಿದ್ದು.

ಆದರೆ ದೊಡ್ಡ ಶತ್ರುವನ್ನು ನಿಜವಾಗಿ ಹಿಂದಕ್ಕೆ ಕಳಿಸಿದ್ದು ತೋಪೂ ಅಲ್ಲ, ಗೋಡೆಯೂ ಅಲ್ಲ. 1665ರ ಡಿಸೆಂಬರಿನಲ್ಲಿ ಮೊಗಲ್ ಸೇನಾಪತಿ ಮಿರ್ಜಾ ರಾಜಾ ಜಯಸಿಂಹ ನಗರದಿಂದ 12 ಮೈಲಿಯೊಳಗೆ ಬಂದು ನಿಂತ. ವಿಜಯಪುರದವರು ಅಷ್ಟರೊಳಗೆ ಸುತ್ತಲಿನ ಆರು ಮೈಲಿ ನೆಲವನ್ನು ಬೋಳು ಮಾಡಿದ್ದರು: ಬಾವಿಗಳಿಗೆ ಮಣ್ಣು, ಮರಗಳಿಗೆ ಕೊಡಲಿ, ನವರಸಪುರ ಮತ್ತು ಶಹಾಪುರದ ಕೆರೆಗಳ ನೀರು ಬಯಲಿಗೆ. ಜಯಸಿಂಹನ ಭಾರಿ ತೋಪುಗಳು ಪರಾಂಡದಲ್ಲೇ ಉಳಿದಿದ್ದವು. ಜನವರಿಯ ಮೊದಲ ವಾರದಲ್ಲೇ ದಂಡು ಹಿಂದಕ್ಕೆ ಹೊರಟಿತು.

ಹೊರಗಿನ ನೀರನ್ನು ಹೀಗೆ ಚೆಲ್ಲುವ ಧೈರ್ಯ ಬರಬೇಕಾದರೆ ಒಳಗೆ ನೀರಿರಬೇಕಲ್ಲ? ಒಳಗೆ ಚಾಂದ ಬಾವಡಿ, ತಾಜ್ ಬಾವಡಿ ಇದ್ದವು. ತೊರವಿ ಕಡೆಯಿಂದ ನೆಲದಡಿಯ ಸುರಂಗ, 1651ರ ಬೇಗಂ ತಲಾಬಿನಿಂದ ಗಾರೆಯೊಳಗೆ ಹುದುಗಿಸಿದ ಮಣ್ಣಿನ ಕೊಳವೆ. ಕೊಳವೆ ಒಡೆಯದಂತೆ ಒತ್ತಡ ಇಳಿಸಲು ದಾರಿಯಲ್ಲಿ ಗಂಜ್ ಎಂಬ ನೀರಿನ ಗೋಪುರಗಳು. ಬಿಸಿಲಿಗೆ ಹೆಸರಾದ ಜಿಲ್ಲೆಯಲ್ಲಿ ಇದಕ್ಕಿಂತ ಗಟ್ಟಿಯಾದ ರಕ್ಷಣೆ ಇನ್ನೊಂದಿಲ್ಲ; ಈ ಲೇಖನದ ಮತ ಅದಕ್ಕೇ.

1686ರಲ್ಲಿ ಔರಂಗಜೇಬನಿಗೆ ನಗರ ಸಿಕ್ಕಿದ್ದು ನಿಜ. ಆದರೆ ಅದು ಗೋಡೆ ಹತ್ತಿ ಗೆದ್ದದ್ದಲ್ಲ. ಒಂದು ವರ್ಷಕ್ಕೂ ಮಿಕ್ಕ ಮುತ್ತಿಗೆ, ಒಳಗೆ ಹಸಿವು. ಕೊನೆಗೆ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್ ಶಾಹ ಶರಣಾದ.

ಝಳಕಿ ದಾಟಿ ವಿಜಯಪುರಕ್ಕೆ ಹೊರಟವರು ಮುಲುಕ ಮೈದಾನದ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಮಕ್ಕಳನ್ನು ತಾಜ್ ಬಾವಡಿಗೂ ಕರೆದೊಯ್ಯಲಿ. ಒಂದೆರಡು ಗಂಜ್‌ಗಳನ್ನಾದರೂ ತೋರಿಸಲಿ.